ಕರಣೆಯ ಇಳಿಜಾರು

ಮೊದಲ ಸಲ ಆ ಮೃದಂಗದ ಅಂಗಡಿಗೆ ಹೋದಾಗ ನನ್ನ ಬ್ಯಾಗಿನಲ್ಲಿ ಒಂದು ಗಣಿತ ಲೇಖನದ ಹನ್ನೊಂದು ಪುಟದ ಕರಡು ಇತ್ತು. ಶೀರ್ಷಿಕೆಯ ಕೆಳಗೆ ಒಂದೇ ಹೆಸರು, ನನ್ನದು. ಎರಡೂವರೆ ವರ್ಷದ ಮೇಲೆ ಆ ಕೆಲಸ ಅಚ್ಚಾಯಿತು. ಅಷ್ಟು ಹೊತ್ತಿಗೆ ಹಳೆಯ ಕರಡಿನಲ್ಲಿ ಉಳಿದದ್ದು ಎರಡು ಪುಟ. ಹೆಸರುಗಳ ಲೆಕ್ಕವೂ ಬದಲಾಗಿತ್ತು. ನಿಜ ಹೇಳಬೇಕೆಂದರೆ ಗಣಿತಕ್ಕಿಂತ ಜಾಸ್ತಿ ನನ್ನ ನಿದ್ದೆ ಕೆಡಿಸಿದ್ದು ಈ ಹೆಸರುಗಳ ವಿಷಯ. ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತಿದ್ದೇನೆ.

ನಾನು ಮಂಡ್ಯದಲ್ಲಿ ಗಣಿತ ಪಾಠ ಮಾಡುತ್ತೇನೆ. ಮೈಸೂರಿನಲ್ಲಿ ಪಾರ್ಟ್ ಟೈಮ್ ಪಿಎಚ್‌.ಡಿ. ಶನಿವಾರ ಮಧ್ಯಾಹ್ನ ಕ್ಲಾಸು ಮುಗಿಸಿ ರೈಲು ಹತ್ತುತ್ತಿದ್ದೆ. ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮೈಸೂರು ಬರುವಷ್ಟರಲ್ಲಿ ಒಂದೆರಡು ಪುಟವಾದರೂ ಓದಲು ಆಗುತ್ತಿತ್ತು, ಸೀಟು ಸಿಕ್ಕಿದರೆ. ನನ್ನ ವಿಷಯ ಸ್ಪೆಕ್ಟ್ರಲ್ ಥಿಯರಿ. ಪಠ್ಯಪುಸ್ತಕದ ಕನ್ನಡದಲ್ಲಿ ಸ್ಪೆಕ್ಟ್ರಮ್ ಅಂದರೆ ರೋಹಿತ. ಚಂದದ ಪದ. ಆದರೆ ನಾವು ಮಾತಾಡುವಾಗ ಸ್ಪೆಕ್ಟ್ರಮ್ ಅಂತಲೇ ಅನ್ನುವುದು.

ಒಂದು ವಸ್ತುವನ್ನು ತಟ್ಟಿದರೆ ಅದು ಯಾವ ಯಾವ ವೇಗದಲ್ಲಿ ನಡುಗಬಲ್ಲದು ಅನ್ನುವ ಪಟ್ಟಿ ಇದೆಯಲ್ಲ, ಅದೇ ಅದರ ಸ್ಪೆಕ್ಟ್ರಮ್. ವೀಣೆಯ ತಂತಿ ಮೀಟಿದರೆ ಆ ಪಟ್ಟಿ 1, 2, 3, 4 ಅಂತ ಲೆಕ್ಕಕ್ಕೆ ಸರಿಯಾಗಿ ಹೋಗುತ್ತದೆ. ಅದಕ್ಕೇ ಅದರಲ್ಲಿ ಸ್ವರ ಕೇಳುತ್ತದೆ. ದುಂಡಗೆ ಬಿಗಿದ ಬರೀ ಚರ್ಮದ ಪಟ್ಟಿ ಹಾಗಿಲ್ಲ. 1, 1.59, 2.14, 2.30, 2.65, 2.92 ಅಂತ ಹೋಗುತ್ತದೆ. ಒಂದಕ್ಕೊಂದು ಹೊಂದುವುದಿಲ್ಲ. ತಟ್ಟಿದರೆ ಸದ್ದು ಬರುತ್ತದೆ, ಸ್ವರ ನಿಲ್ಲುವುದಿಲ್ಲ. ಆದರೆ ಮೃದಂಗದ ಬಲಗಡೆಯೂ ದುಂಡನೆಯ ಚರ್ಮವೇ. ಅದು ಶ್ರುತಿಗೆ ಕೂಡುತ್ತದೆ. ಕಾರಣ ನಡುವೆ ಇರುವ ಕಪ್ಪು ಬೊಟ್ಟು, ಕರಣೆ.

ಇದನ್ನು ವಿಜ್ಞಾನದ ಭಾಷೆಯಲ್ಲಿ ತೋರಿಸಿಕೊಟ್ಟವರು ಸಿ.ವಿ. ರಾಮನ್. 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಸಣ್ಣ ಟಿಪ್ಪಣಿ, 1934ರಲ್ಲಿ ವಿವರವಾದ ಲೇಖನ. ಚರ್ಮದ ಮೇಲೆ ನಯವಾದ ಮರಳು ಉದುರಿಸಿ, ತಟ್ಟಿದಾಗ ಮರಳು ಯಾವ ಗೆರೆಗಳ ಮೇಲೆ ಹೋಗಿ ನಿಲ್ಲುತ್ತದೆ ಅಂತ ನೋಡಿದರು. ಒಂಬತ್ತು ಬಗೆಯ ಕಂಪನಗಳು ಐದು ಸ್ವರಗಳಾಗಿ ಗುಂಪುಗೂಡುತ್ತವೆ ಅನ್ನುವುದು ಅವರು ಕಂಡದ್ದು. ಮೊದಲ ಸ್ವರಕ್ಕೆ ಒಂದು ಕಂಪನ, ಎರಡನೆಯದಕ್ಕೆ ಒಂದು, ಮೂರಕ್ಕೆ ಎರಡು, ನಾಲ್ಕಕ್ಕೆ ಎರಡು, ಐದಕ್ಕೆ ಮೂರು. ಆಮೇಲೆ 1954ರಲ್ಲಿ ಬಿ.ಎಸ್. ರಾಮಕೃಷ್ಣ ಮತ್ತು ಮನಮೋಹನ ಸೋಂಧಿ ಇದಕ್ಕೆ ಒಂದು ಗಣಿತದ ಮಾದರಿ ಕೊಟ್ಟರು. ನಡುವೆ ಭಾರದ ಒಂದು ವೃತ್ತ, ಸುತ್ತ ಹಗುರದ ಒಂದು ಬಳೆ. ಎರಡೇ ತೂಕ, ಮಧ್ಯೆ ಒಂದು ಗೋಡೆ.

ನನ್ನ ಕರಡೂ ಆ ಗೋಡೆಯ ಮೇಲೇ ನಿಂತಿತ್ತು. ಒಟ್ಟು ತೂಕ ಇಷ್ಟೇ, ಒಂದು ಜಾಗದಲ್ಲಿ ಇದಕ್ಕಿಂತ ಜಾಸ್ತಿ ಹೇರುವಂತಿಲ್ಲ ಅಂತ ಇಟ್ಟುಕೊಂಡರೆ, ಮೊದಲ ಸ್ವರ ಆದಷ್ಟೂ ತಗ್ಗಬೇಕಾದರೆ ತೂಕ ಎಲ್ಲಿಡಬೇಕು? ಎಲ್ಲವನ್ನೂ ನಡುವೆಯೇ ಒಟ್ಟಬೇಕು, ಅಂಚಿನಲ್ಲಿ ಕಡಿದ ಹಾಗೆ ನಿಲ್ಲಿಸಬೇಕು ಅಂತ ಸಾಧಿಸಿದ್ದೆ. ಯಾರೂ ಮಾಡಿಲ್ಲ ಅಂದುಕೊಂಡಿದ್ದೆ.

ನಮ್ಮ ಗೈಡ್ ಮೇಡಂ ಕರಡನ್ನು ಪೂರ್ತಿ ಓದಿದರು. ಪೆನ್ಸಿಲಿನಲ್ಲಿ ಎಲ್ಲೆಲ್ಲೋ ಗೀಟು ಹಾಕಿದ್ದರು. ಕೊನೆಗೆ ಒಂದು ಪ್ರಶ್ನೆ ಕೇಳಿದರು.

“ಕರಣೆ ಹಾಕೋದನ್ನ ಕಣ್ಣಾರೆ ನೋಡಿದ್ದೀಯಾ?”

“ಇಲ್ಲ ಮೇಡಂ.”

“ಹೋಗಿ ನೋಡ್ಕೊಂಡು ಬಾ. ಆಮೇಲೆ ಮಾತಾಡೋಣ.”

ಅಂಗಡಿ ಅಂದರೆ ಹಳೇ ಮೈಸೂರಿನ ಒಂದು ಗಲ್ಲಿಯಲ್ಲಿ ಹತ್ತಡಿಯ ಕೋಣೆ. ಗೋಡೆಗೆ ಒರಗಿಸಿದ ಹಲಸಿನ ಮರದ ಹೊಳವುಗಳು (ಮೃದಂಗದ ಟೊಳ್ಳು ಮೈ), ಮೊಳೆಗೆ ನೇತುಹಾಕಿದ ಚರ್ಮದ ಬಾರುಗಳು, ಮೂಲೆಯಲ್ಲಿ ನೀರಿಗೆ ನೆನೆಹಾಕಿದ ತೊಗಲು. ಒಳಗೆ ಕಾಲಿಟ್ಟ ಕೂಡಲೇ ಆ ವಾಸನೆ. ಎರಡನೆಯ ಭೇಟಿಯ ಹೊತ್ತಿಗೆ ಅದು ಅಭ್ಯಾಸ ಆಯಿತು. ಅಂಗಡಿಯವರನ್ನು ಬೀದಿಯಲ್ಲಿ ಎಲ್ಲರೂ ಯಜಮಾನ್ರು ಅಂತಲೇ ಕರೆಯುತ್ತಾರೆ. ಅರವತ್ತು ದಾಟಿದವರು. ದಸರಾ ಹತ್ತಿರ ಬರುತ್ತಿತ್ತು. ಕಛೇರಿಗಳ ಸುಗ್ಗಿ, ಕೆಲಸ ರಾಶಿ ಬಿದ್ದಿತ್ತು. ಮಳೆ ಬೇರೆ ಬಿಟ್ಟಿರಲಿಲ್ಲ, ಕರಣೆ ಬೇಗ ಒಣಗುತ್ತಿರಲಿಲ್ಲ. ಆದರೂ ಕೂರಿಸಿಕೊಂಡರು.

“ಮೇಷ್ಟ್ರಮ್ಮ, ಮಧ್ಯೆ ಮಾತಾಡ್ಸಬೇಡಿ. ಮುಗಿದ ಮೇಲೆ ಏನ್ ಬೇಕಾದ್ರೂ ಕೇಳಿ.”

ಮುಚ್ಚಿಗೆ ಅಂದರೆ ಮೃದಂಗದ ಬಾಯಿಗೆ ಬಿಗಿಯುವ ಚರ್ಮದ ಹೊದಿಕೆ. ಅದರ ನಡುವಿನ ಚರ್ಮವನ್ನು ಮೊದಲು ಕೆರೆದು ತರಿ ಮಾಡಿದರು. ಬೆಂದ ಅನ್ನವನ್ನು ಬೆರಳಲ್ಲಿ ನುರಿದು ತೆಳ್ಳಗೆ ಬಳಿದರು. ಆಮೇಲೆ ಕಪ್ಪು ಹಿಟ್ಟು. ಕಬ್ಬಿಣದ ಅಂಶ ಇರುವ ಕಲ್ಲನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಅನ್ನದ ಜೊತೆ ನಾದಿದ ಹಿಟ್ಟು ಅದು. ನೆಲ್ಲಿಕಾಯಿಗಿಂತ ಸಣ್ಣ ಉಂಡೆ ತೆಗೆದುಕೊಂಡು ಹೆಬ್ಬೆರಳಲ್ಲಿ ಒತ್ತಿ ದುಂಡಗೆ ಹರಡಿದರು. ನುಣುಪಾದ ಕಲ್ಲಿನಿಂದ ಉಜ್ಜತೊಡಗಿದರು. ಉಜ್ಜಿ ಉಜ್ಜಿ ಅದು ಒಣಗಿ ಹೊಳಪು ಬರುವ ತನಕ. ಪುಡಿಯನ್ನು ಒರೆಸಿ, ಬೆರಳಲ್ಲಿ ತಟ್ಟಿ, ತಲೆ ವಾಲಿಸಿ ಕೇಳಿ, ಇನ್ನೊಂದು ಉಂಡೆ. ನಾನು ಮೂವತ್ತರ ಮೇಲೆ ಎಣಿಸುವುದನ್ನು ಬಿಟ್ಟೆ.

ಪ್ರತಿ ಸುತ್ತು ಆದ ಮೇಲೆ ಅವರು ತಟ್ಟುವಾಗ ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ರಾತ್ರಿ ಮನೆಗೆ ಬಂದು ಒಂದೊಂದನ್ನೂ ಕಂಪ್ಯೂಟರಿಗೆ ಹಾಕಿ ನೋಡಿದೆ. ಮೊದಲ ಸುತ್ತುಗಳಲ್ಲಿ ಎರಡನೆಯ ಕಂಪನ ಮೊದಲಿನದರ 1.6ರ ಆಸುಪಾಸು ಇತ್ತು, ಪುಸ್ತಕ ಹೇಳುವ ಹಾಗೇ. ಸುತ್ತು ಏರಿದ ಹಾಗೆಲ್ಲ ಅದು ಮೆಲ್ಲಗೆ 2ರ ಕಡೆಗೆ ಹತ್ತುತ್ತಾ ಹೋಯಿತು. ತೂಕ ಹೇರಿದರೆ ಎಲ್ಲ ಕಂಪನಗಳೂ ತಗ್ಗುತ್ತವೆ, ಇದು ಹಳೆಯ ಪ್ರಮೇಯ. ಆದರೆ ಎಲ್ಲವೂ ಒಂದೇ ಸಮ ತಗ್ಗುವುದಿಲ್ಲ. ಮೊದಲ ಕಂಪನದಲ್ಲಿ ಚರ್ಮ ಅತಿ ಹೆಚ್ಚು ಏರಿಳಿಯುವುದು ನಟ್ಟನಡುವೆ, ಅಂದರೆ ತೂಕ ಇಟ್ಟ ಜಾಗದಲ್ಲೇ. ಹಾಗಾಗಿ ಅದು ತುಂಬಾ ತಗ್ಗುತ್ತದೆ. ಎರಡನೆಯ ಕಂಪನದಲ್ಲಿ ನಡುಭಾಗದಲ್ಲಿ ಅಲುಗದ ಒಂದು ಗೆರೆ ಹಾದುಹೋಗುತ್ತದೆ. ಆ ಗೆರೆಯ ಹತ್ತಿರ ಎಷ್ಟು ತೂಕ ಇಟ್ಟರೂ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಹೀಗೆ ಮೊದಲಿನದು ಕೆಳಗಿಳಿದು ಎರಡರ ನಡುವಿನ ಅಂತರ ಅಗಲವಾಗುತ್ತದೆ. ವಿದ್ವಾಂಸರು ‘ಧಿಂ’ ನುಡಿಸುವಾಗ ಉಂಗುರದ ಬೆರಳನ್ನು ಹಗುರವಾಗಿ ಇಟ್ಟು ತೋರುಬೆರಳಲ್ಲಿ ಹೊಡೆಯುತ್ತಾರಲ್ಲ, ಆ ಇಟ್ಟ ಬೆರಳು ಇರುವುದು ಆ ಅಲುಗದ ಗೆರೆಯ ಮೇಲೆ. ಇದನ್ನು ನಾನು ಎಷ್ಟೋ ಸಲ ಕಾಗದದ ಮೇಲೆ ಬರೆದಿದ್ದೆ. ಕಿವಿಯಲ್ಲಿ ಕೇಳಿದ್ದು ಅವತ್ತೇ ಮೊದಲು. ರಾತ್ರಿ ಎರಡು ಗಂಟೆಗೆ ಗ್ರಾಫ್ ನೋಡುತ್ತಾ ಕಣ್ಣು ತುಂಬಿ ಬಂತು.

ಇನ್ನೊಂದು ವಿಷಯವನ್ನೂ ಅವತ್ತು ನೋಡಿದ್ದೆ. ಪ್ರತಿ ಸುತ್ತಿನ ಬೊಟ್ಟು ಹಿಂದಿನದಕ್ಕಿಂತ ಒಂದು ಕೂದಲೆಳೆ ಸಣ್ಣದು. ಹಾಗಾಗಿ ಕರಣೆ ನಡುವೆ ದಪ್ಪ, ಅಂಚಿಗೆ ಬಂದಂತೆ ತೆಳು. ನನ್ನ ಕರಡಿನಲ್ಲಿ ಇದ್ದ ಹಾಗೆ ಅಂಚು ಕಡಿದು ನಿಂತಿರಲಿಲ್ಲ. ಕೆಲಸ ಮುಗಿದ ಮೇಲೆ ಅದನ್ನೇ ಕೇಳಿದೆ.

“ಗೋಡೆ ತರ ನಿಲ್ಲಿಸ್ಬಾರ್ದು ಕಣಮ್ಮ. ನಾದ ಒಡ್ದೋಯ್ತದೆ. ಇಳಿಜಾರಾಗಿ ಬರ್ಬೇಕು, ಗದ್ದೆ ಬದ ಮಳೇಲಿ ಕರಗಿ ಇಳಿದಂಗೆ.”

“ಇದನ್ನ ಯಾರು ಹೇಳಿಕೊಟ್ರು ಯಜಮಾನ್ರೆ?”

“ನಮ್ಮಪ್ಪ. ನಾನು ಹುಡುಗನಾಗಿದ್ದಾಗ ಅಂಚು ದಪ್ಪ ಬಿಟ್ರೆ ಕಲ್ಲಲ್ಲೇ ಬೆರಳ ಗೆಣ್ಣಿಗೆ ಹೊಡೀತಿದ್ರು.”

ವಾಪಸ್ ರೈಲಿನಲ್ಲಿ ಕುಳಿತು ಯೋಚಿಸಿದೆ. ನನ್ನ ಪ್ರಮೇಯ ಗೋಡೆ ಅನ್ನುತ್ತದೆ, ಯಜಮಾನ್ರು ಇಳಿಜಾರು ಅನ್ನುತ್ತಾರೆ. ಇಬ್ಬರೂ ಸರಿ ಇರಲು ಸಾಧ್ಯವೇ? ಶ್ರೀರಂಗಪಟ್ಟಣದ ಸೇತುವೆ ಬರುವ ಹೊತ್ತಿಗೆ ಹೊಳೆಯಿತು. ನಾನು ಕೇಳಿದ ಪ್ರಶ್ನೆಯೇ ಬೇರೆ. ಮೊದಲ ಸ್ವರ ಎಷ್ಟು ತಗ್ಗುತ್ತದೆ ಅಂತ ಕೇಳಿದರೆ ಉತ್ತರ ಗೋಡೆ. ಐದೂ ಸ್ವರಗಳು ಒಂದಕ್ಕೊಂದು ಹೊಂದಬೇಕು ಅಂತ ಕೇಳಿದರೆ ಉತ್ತರ ಗೋಡೆಯೇ ಆಗಬೇಕು ಅಂತೇನಿಲ್ಲ. ಮೃದಂಗದವರಿಗೆ ಬೇಕಾದದ್ದು ಆ ಎರಡನೆಯ ಪ್ರಶ್ನೆ.

ಮುಂದಿನ ಆರು ತಿಂಗಳು ಅದರಲ್ಲೇ ಹೋಯಿತು. ನನ್ನ ಹತ್ತಿರ ಪ್ರಾಜೆಕ್ಟ್ ಮಾಡುತ್ತಿದ್ದ ಎಂ.ಎಸ್ಸಿ. ಹುಡುಗಿ ಒಬ್ಬಳು ಲೆಕ್ಕದ ಪ್ರೋಗ್ರಾಂ ಬರೆದಳು. ಹಳೆಯ, ಕಿತ್ತು ಹಾಕಿದ ಕರಣೆಯೊಂದನ್ನು ಯಜಮಾನ್ರು ಕಾಗದದಲ್ಲಿ ಸುತ್ತಿ ಕೊಟ್ಟರು. ನಡುವೆ ಎರಡು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಂಚಿನಲ್ಲಿ ಕಾಗದದಷ್ಟು. ಆ ಇಳಿಜಾರನ್ನು ಲೆಕ್ಕಕ್ಕೆ ಹಾಕಿದಾಗ ಮೂರು, ನಾಲ್ಕು, ಐದನೆಯ ಗುಂಪುಗಳ ಒಳಗಿನ ಬಿರುಕು, ಅಂದರೆ ಒಂದೇ ಸ್ವರಕ್ಕೆ ಸೇರಬೇಕಾದ ಕಂಪನಗಳ ನಡುವಿನ ಅಂತರ, ಗೋಡೆಯ ಮಾದರಿಗಿಂತ ಕಡಿಮೆ ಆಯಿತು. ಆದರೆ ಯಾವ ಇಳಿಜಾರಿಗೂ ಹೀಗಾಗುತ್ತದಾ? ಸ್ವಲ್ಪ ಕೈತಪ್ಪಿದರೆ ಎಲ್ಲ ಕೆಡುತ್ತದಾ? ಇದನ್ನು ಅಂದಾಜಿನಲ್ಲಿ ಹೇಳಿದರೆ ಗಣಿತ ಆಗುವುದಿಲ್ಲ. ತಪ್ಪು ಇಷ್ಟನ್ನು ಮೀರುವುದಿಲ್ಲ ಅಂತ ತೋರಿಸುವ, ನಾನು ಎರಡು ತಿಂಗಳು ಒದ್ದಾಡಿದ ಒಂದು ಮಿತಿಯನ್ನು ಆ ಹುಡುಗಿ ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ಬೇರೆ ದಾರಿಯಲ್ಲಿ ತೋರಿಸಿದಳು. ಇಳಿಜಾರನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿ, ಒಂದೊಂದು ಮೆಟ್ಟಿಲಿಗೂ ಎಷ್ಟು ತಪ್ಪು ಸೇರುತ್ತದೆ ಅಂತ ಕೂಡಿಸುತ್ತಾ ಹೋದಳು. ಯೋಚಿಸಿದರೆ ಯಜಮಾನ್ರು ಕರಣೆ ಕಟ್ಟುವುದೂ ಹಾಗೇ ಅಲ್ವಾ, ಸುತ್ತಿನ ಮೇಲೆ ಸುತ್ತು.

ಅಲ್ಲಿಂದ ಹೆಸರುಗಳ ವಿಷಯ ಶುರುವಾಯಿತು.

ಹುಡುಗಿಯದು ಸುಲಭ. ಪ್ರಮೇಯದ ಜೀವದಂಥ ಭಾಗ ಅವಳದು, ಅವಳು ಸಹಲೇಖಕಿ. ಗಣಿತದಲ್ಲಿ ಲೇಖಕರ ಹೆಸರನ್ನು ಅಕ್ಷರಮಾಲೆಯ ಕ್ರಮದಲ್ಲಿ ಹಾಕುವುದು ರೂಢಿ. ಯಾರು ಹಿರಿಯರು, ಯಾರು ಜಾಸ್ತಿ ಮಾಡಿದರು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ, ಗೊತ್ತಾಗಬಾರದು ಅನ್ನುವುದೇ ಉದ್ದೇಶ. ಹಾಗೆ ಹಾಕಿದರೆ ಅವಳ ಹೆಸರು ಮೊದಲು, ನನ್ನದು ಎರಡನೆಯದು. ಸಹೋದ್ಯೋಗಿಯೊಬ್ಬರು ಬೇಜಾರು ಮಾಡಿಕೊಂಡರು. “ಸ್ಟೂಡೆಂಟ್ ಹೆಸರು ಮೇಲೆ, ನಿಮ್ದು ಕೆಳಗಾ?” ಅವರ ಕಾಳಜಿ ಬಡ್ತಿಯ ಅಂಕಗಳದ್ದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಇಬ್ಬರೇ ಲೇಖಕರಿದ್ದರೆ ಇಬ್ಬರಿಗೂ ತಲಾ ಶೇ 70. ಇಬ್ಬರಿಗಿಂತ ಜಾಸ್ತಿ ಇದ್ದರೆ ಮೊದಲನೆಯ ಅಥವಾ ಮುಖ್ಯ ಲೇಖಕರಿಗೆ ಶೇ 70, ಉಳಿದವರಿಗೆ ಶೇ 30. ಅಕ್ಷರಮಾಲೆಯ ರೂಢಿ ಇರುವ ವಿಷಯಕ್ಕೆ ಈ ಲೆಕ್ಕ ಹೊಂದುವುದೇ ಇಲ್ಲ. ಇದನ್ನು ಯಾರಾದರೂ ಸರಿಪಡಿಸಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಗೈಡ್ ಮೇಡಂ ತಮ್ಮ ಹೆಸರು ಬೇಡ ಅಂದರು. ನಾನು ಒತ್ತಾಯ ಮಾಡಿದೆ. “ನಾನು ಓದಿದೆ, ತಿದ್ದಿದೆ, ಅಂಗಡಿಗೆ ಕಳಿಸಿದೆ. ಅದು ಗೈಡ್ ಮಾಡೋ ಕೆಲಸ. ಅದಕ್ಕೆ ನನಗೆ ಸಂಬಳ ಬರುತ್ತೆ” ಅಂದರು. ಅಲ್ಲಿಗೆ ಮುಗಿಯಿತು.

ಮೂರನೆಯದು ಕಷ್ಟದ್ದು. ಹಿರಿಯರೊಬ್ಬರು ನಮಗೆ ಒಳ್ಳೆಯ ಮೈಕು, ಸದ್ದಿಲ್ಲದ ಕೋಣೆ ಕೊಟ್ಟಿದ್ದರು. ತಮ್ಮ ಹೆಸರೂ ಸೇರಲಿ ಅಂತ ಒಬ್ಬರ ಕೈಲಿ ಹೇಳಿಕಳಿಸಿದರು. ಕರಡನ್ನು ಕಳಿಸಿ, ಓದಿ ಅಭಿಪ್ರಾಯ ಹೇಳಿ ಅಂತ ಕೇಳಿಕೊಂಡೆ. ಮೂರು ವಾರ ಆದರೂ ಫೈಲ್ ತೆರೆದಿರಲಿಲ್ಲ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಒಂದು ಒಳ್ಳೆಯ ನಿಯಮ ಮಾಡಿಕೊಂಡಿದ್ದಾರೆ. ಕೆಲಸದಲ್ಲಿ ಗಟ್ಟಿ ಪಾಲು ಇರಬೇಕು, ಬರೆಯುವುದರಲ್ಲೋ ತಿದ್ದುವುದರಲ್ಲೋ ಕೈ ಇರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಉತ್ತರ ಹೇಳಲು ನಿಲ್ಲಬೇಕು. ನಾಲ್ಕೂ ಇದ್ದರೆ ಲೇಖಕ. ಇಲ್ಲದಿದ್ದರೆ ಕೃತಜ್ಞತೆಯಲ್ಲಿ ಹೆಸರು. ನಮ್ಮ ಕ್ಷೇತ್ರಕ್ಕೂ ಇದು ಒಪ್ಪುತ್ತದೆ ಅಂತ ಅವರಿಗೆ ವಿನಯವಾಗಿಯೇ ಬರೆದೆ. ಉತ್ತರ ಬರಲಿಲ್ಲ. ಆ ಕೋಣೆ ಆಮೇಲೆ ನಮಗೆ ಸಿಗಲಿಲ್ಲ. ಉಳಿದ ರೆಕಾರ್ಡಿಂಗ್ ಎಲ್ಲ ಅಂಗಡಿಯಲ್ಲೇ ಮಾಡಿದೆವು, ರಾತ್ರಿ ಬೀದಿ ಸುಮ್ಮನಾದ ಮೇಲೆ.

ಮತ್ತೆ ಯಜಮಾನ್ರು. ಇಳಿಜಾರಿನ ಮಾತು ಅವರು ಹೇಳದೇ ಇದ್ದರೆ ಈ ಲೇಖನವೇ ಇಲ್ಲ. ಕಛೇರಿಯ ಆಹ್ವಾನ ಪತ್ರಿಕೆಯಲ್ಲಿ ವಿದ್ವಾಂಸರ ಹೆಸರಿರುತ್ತದೆ, ಪ್ರಾಯೋಜಕರ ಹೆಸರಿರುತ್ತದೆ, ಧ್ವನಿವರ್ಧಕದವರ ಹೆಸರೂ ಇರುತ್ತದೆ. ಮುಚ್ಚಿಗೆ ಕಟ್ಟಿದವರ ಹೆಸರು ನಾನಂತೂ ಒಂದರಲ್ಲೂ ನೋಡಿಲ್ಲ. ತೊಗಲು ಮುಟ್ಟುವ ಕೆಲಸ ಅನ್ನುವ ಕಾರಣಕ್ಕೆ ಹಿಂದಿನಿಂದ ಬಂದ ಉದಾಸೀನ ಅದು. ನನ್ನ ಲೇಖನದಲ್ಲೂ ಅದೇ ಆಗಬಾರದು ಅಂತ ಹಟ ಹಿಡಿದಿತ್ತು. ಒಂದು ಶನಿವಾರ ಕೇಳಿಯೇಬಿಟ್ಟೆ.

“ಯಜಮಾನ್ರೆ, ಲೇಖನಕ್ಕೆ ನಿಮ್ಮ ಹೆಸರೂ ಹಾಕ್ಲಾ?”

“ಹಾಕಿದ್ರೆ ಏನಾಯ್ತದೆ?”

“ನೀವೂ ಅದನ್ನ ಬರೆದವರು ಅಂತ ಆಗುತ್ತೆ. ಒಂದು ಫಾರಂಗೆ ಸೈನ್ ಹಾಕ್ಬೇಕು.”

ಅವರು ಬಾರು ಎಳೆಯುವುದನ್ನು ನಿಲ್ಲಿಸಿದರು.

“ಅದ್ರಲ್ಲಿ ತಪ್ಪಿದ್ರೆ ನನ್ನ ಕೇಳ್ತಾರಾ?”

“ಕೇಳಬಹುದು.”

“ಹಂಗಾದ್ರೆ ಬ್ಯಾಡ ಬಿಡಿ. ನಾನು ಓದಕ್ಕಾಗದೆ ಇರೋದಕ್ಕೆ ನಾನು ಹೆಂಗಮ್ಮ ಜಾಮೀನು ನಿಲ್ಲೋದು? ಮುಚ್ಚಿಗೆ ಬಗ್ಗೆ ಯಾರು ಬಂದು ಕೇಳಿದ್ರೂ ಹೇಳ್ತೀನಿ.” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದರು: “ಆದ್ರೆ ಇಳಿಜಾರು ನೀವು ಕಂಡುಹಿಡಿದಿದ್ದು ಅಂತ ಮಾತ್ರ ಬರೀಬೇಡಿ. ಅದು ನಮ್ಮಪ್ಪಂದು.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಹೂಂ ಅಂದೆ.

ಎಲ್ಲಿ ಬರೆಯುವುದು? ಕೊನೆಯ ಪುಟದ ಸಣ್ಣ ಅಕ್ಷರದ ಕೃತಜ್ಞತೆಯನ್ನು ಯಾರೂ ಓದುವುದಿಲ್ಲ. ಆಗ ಗಣಿತಜ್ಞ ಮಾರ್ಕ್ ಕಾಟ್ಸ್ 1966ರಲ್ಲಿ ಬರೆದ ಪ್ರಸಿದ್ಧ ಲೇಖನವನ್ನು ಮತ್ತೆ ತೆಗೆದೆ. ಡೋಲಿನ ಸದ್ದು ಕೇಳಿಯೇ ಅದರ ಆಕಾರ ಹೇಳಬಹುದೇ ಅನ್ನುವ ಪ್ರಶ್ನೆ ಜಗತ್ತಿಗೆಲ್ಲ ಗೊತ್ತಾದದ್ದು ಆ ಲೇಖನದಿಂದ. ವಿಸ್ತೀರ್ಣವನ್ನು ಸದ್ದಿನಿಂದ ಹೇಳಬಹುದು ಅಂತ ಹರ್ಮನ್ ವೈಲ್ 1911ರಲ್ಲೇ ಸಾಧಿಸಿದ್ದರು. ಪೂರ್ತಿ ಆಕಾರ ಹೇಳಲು ಆಗುವುದಿಲ್ಲ ಅಂತ ಗೊತ್ತಾದದ್ದು 1992ರಲ್ಲಿ. ಗಾರ್ಡನ್, ವೆಬ್, ವೋಲ್ಪರ್ಟ್ ಸೇರಿ, ಆಕಾರ ಬೇರೆ ಬೇರೆ ಇದ್ದರೂ ಸ್ಪೆಕ್ಟ್ರಮ್ ಒಂದೇ ಇರುವ ಎರಡು ಡೋಲುಗಳನ್ನು ಕಟ್ಟಿ ತೋರಿಸಿದರು. ಇದೆಲ್ಲ ಮೊದಲೇ ಗೊತ್ತಿತ್ತು. ಈ ಸಲ ಕಣ್ಣಿಗೆ ಬಿದ್ದದ್ದು ಬೇರೆ. ಈ ಪ್ರಶ್ನೆಯನ್ನು ತಾನು ಮೊದಲು ಕೇಳಿದ್ದು ಬಾಕ್ನರ್ ಅನ್ನುವ ಗಣಿತಜ್ಞರಿಂದ ಅಂತ ಕಾಟ್ಸ್ ಬರೆದಿದ್ದಾರೆ. ಡೋಲು, ಕಿವಿ ಅಂತ ಅದಕ್ಕೆ ಮಾತಿನ ರೂಪ ಕೊಟ್ಟದ್ದು ಬೆರ್ಸ್ ಅನ್ನುವ ಇನ್ನೊಬ್ಬ ಗಣಿತಜ್ಞ ಅಂತಲೂ ಬರೆದಿದ್ದಾರೆ. ಅದೂ ಲೇಖನದ ಮೈಯಲ್ಲೇ, ಕಥೆಯ ಭಾಗವಾಗಿ. ಜನ ಅದನ್ನು ಕಾಟ್ಸ್ ಪ್ರಶ್ನೆ ಅಂತಲೇ ಕರೆಯುತ್ತಾರೆ. ಆದರೆ ಲೇಖನ ತೆರೆದವರಿಗೆ ನಿಜ ಸಿಗುತ್ತದೆ.

ರಾಮನ್ 1920ರ ಟಿಪ್ಪಣಿಯೂ ಹಾಗೇ. ಅದರ ಕೆಳಗೆ ಎರಡು ಹೆಸರಿವೆ, ಇನ್ನೊಂದು ಶಿವಕಾಳಿ ಕುಮಾರ್ ಅವರದ್ದು. ನಾವೆಲ್ಲ ಉಲ್ಲೇಖಿಸುವಾಗ ರಾಮನ್ ಅಂದು ನಿಲ್ಲಿಸಿಬಿಡುತ್ತೇವೆ. ನಾನೂ ಮೇಲೆ ಹಾಗೇ ಮಾಡಿದೆ, ನೋಡಿ. ಹೆಸರನ್ನು ಹಾಕುವವರು ಹಾಕಿದರೂ ನೆನಪಿಡುವವರು ಬಿಟ್ಟುಬಿಡುತ್ತಾರೆ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಕೈದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಂತರೆ, ಬಂದವರಲ್ಲಿ ಎಷ್ಟೋ ಜನ ‘ರವಿವರ್ಮಂದು’ ಅಂತ ಮಕ್ಕಳಿಗೆ ತೋರಿಸುವುದು ಕಿವಿಗೆ ಬೀಳುತ್ತದೆ. ಅದನ್ನು ಬರೆದದ್ದು ಎಸ್.ಎಲ್. ಹಲ್ದಂಕರ್, 1940ರ ದಶಕದಲ್ಲಿ. ದೀಪ ಹಿಡಿದು ನಿಂತದ್ದು ಅವರ ಮಗಳು ಗೀತಾ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ದೊಡ್ಡ ಹೆಸರು ಹತ್ತಿರ ಇದ್ದರೆ ಸಣ್ಣ ಹೆಸರನ್ನು ನುಂಗಿಬಿಡುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ತಂದೆಯೂ ನನಗೆ ರವಿವರ್ಮ ಅಂತಲೇ ತೋರಿಸಿದ್ದರು.

ನಮ್ಮ ಲೇಖನದ ಎರಡನೆಯ ಪುಟದಲ್ಲಿ, ಮಾದರಿಯನ್ನು ವಿವರಿಸುವ ಜಾಗದಲ್ಲೇ ಬರೆದೆವು. ಕರಣೆಯ ದಪ್ಪ ಅಂಚಿನ ಕಡೆಗೆ ಇಳಿಯುತ್ತಾ ಬರಬೇಕು ಅನ್ನುವುದು ಮೈಸೂರಿನ ಈ ಕುಶಲಕರ್ಮಿ ಹೇಳಿದ್ದು, ಅವರು ತಮ್ಮ ತಂದೆಯಿಂದ ಕಲಿತದ್ದು. ಇಬ್ಬರ ಹೆಸರೂ, ಪೂರ್ತಿಯಾಗಿ. ಅವರ ಒಪ್ಪಿಗೆ ಪಡೆದು. ಇಲ್ಲಿ ಆ ಹೆಸರು ಹೇಳುತ್ತಿಲ್ಲ, ಅದು ಇರಬೇಕಾದ ಜಾಗದಲ್ಲಿದೆ.

ಪತ್ರಿಕೆಗೆ ಕಳಿಸಿ ಏಳು ತಿಂಗಳಾದ ಮೇಲೆ ವಿಮರ್ಶಕರ ಅಭಿಪ್ರಾಯ ಬಂತು. ಒಬ್ಬರದು ನಾಲ್ಕೇ ಸಾಲು. ಇನ್ನೊಬ್ಬರದು ಮೂರು ಪುಟ. ಆ ಮೂರು ಪುಟದ ಮೊದಲ ಸಾಲಿಗೇ ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಗೋಡೆ ಪ್ರಮೇಯ, ಅಂದರೆ ಹನ್ನೊಂದು ಪುಟದ ಕರಡಿನ ಬೆನ್ನೆಲುಬು, ಹೊಸದಲ್ಲ. ತಂತಿಗೆ ಸಂಬಂಧಪಟ್ಟ ಹಾಗೆ ಸೋವಿಯತ್ ಗಣಿತಜ್ಞ ಮಾರ್ಕ್ ಕ್ರೇನ್ 1951ರಲ್ಲೇ ಮಾಡಿದ್ದಾರೆ. ಚರ್ಮದ ಪದರಕ್ಕೆ ಸ್ಟೀವನ್ ಕಾಕ್ಸ್ ಮತ್ತು ಜಾಯ್ಸ್ ಮೆಕ್‌ಲಾಕ್ಲಿನ್ 1990ರಲ್ಲಿ ಮಾಡಿದ್ದಾರೆ.

ಆ ಲೇಖನಗಳನ್ನು ನಾನು ಓದಿರಲಿಲ್ಲ. ಕದ್ದಿರಲಿಲ್ಲ. ಸ್ವಂತ ತಲೆಯಿಂದ, ಸ್ವಂತ ರಾತ್ರಿಗಳಲ್ಲಿ ಕಂಡುಕೊಂಡಿದ್ದೆ. ಆದರೆ ಅದರಿಂದ ಅದು ನನ್ನದಾಗುವುದಿಲ್ಲ. ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೆಯ ದಿನ ಕ್ರೇನ್ ಲೇಖನದ ಇಂಗ್ಲಿಷ್ ಅನುವಾದ ಹುಡುಕಿ ಓದಿದೆ. ನಾನು ಮೂರು ಪುಟದಲ್ಲಿ ಹೇಳಿದ್ದನ್ನು ಅವರು ಮುಕ್ಕಾಲು ಪುಟದಲ್ಲಿ ಹೇಳಿದ್ದರು, ನನಗಿಂತ ಚೆನ್ನಾಗಿ. ಓದುತ್ತಾ ಓದುತ್ತಾ ನೋವು ಹೋಗಿ ಒಂಥರಾ ಸಲಿಗೆ ಬಂತು. ಇದೇ ಗುಡ್ಡವನ್ನು ಇದೇ ಕಡೆಯಿಂದ ಹತ್ತಿದ ಇನ್ನೊಬ್ಬರು.

ಆ ಭಾಗವನ್ನೆಲ್ಲ ತೆಗೆದು, ಅವರ ಹೆಸರು ಹೇಳಿ, ಒಂದು ಪ್ಯಾರಾಕ್ಕೆ ಇಳಿಸಿದೆ. ಇಳಿಜಾರಿನ ಭಾಗ ಮಾತ್ರ ಗಟ್ಟಿ ನಿಂತಿತು. ವಿಮರ್ಶಕರೂ ಅದನ್ನೇ ಮುಂದೆ ತನ್ನಿ ಅಂದಿದ್ದರು. ನನ್ನದು ಅಂದುಕೊಂಡದ್ದು ಬೇರೆಯವರದಾಯಿತು. ಉಳಿದದ್ದು ಒಬ್ಬ ಕುಶಲಕರ್ಮಿಯ ಮಾತು ಮತ್ತು ಒಬ್ಬ ಹುಡುಗಿಯ ಮೆಟ್ಟಿಲುಗಳ ಮೇಲೆ ನಾವಿಬ್ಬರೂ ಸೇರಿ ಕಟ್ಟಿದ್ದು.

ಇದರ ಮಧ್ಯೆ ಥೀಸಿಸ್ಸಿನ ನಕಲು ತಪಾಸಣೆಯೂ ನಡೆಯಿತು. ಯುಜಿಸಿಯದೇ 2018ರ ಇನ್ನೊಂದು ನಿಯಮದ ಪ್ರಕಾರ ಹೋಲಿಕೆ ಶೇ 10ರ ಒಳಗಿದ್ದರೆ ತೊಂದರೆ ಇಲ್ಲ, 10ರಿಂದ 40ರ ತನಕ ಇದ್ದರೆ ತಿದ್ದಿ ಕೊಡಬೇಕು. ನನ್ನ ಒಂದು ಅಧ್ಯಾಯ 13 ತೋರಿಸಿತು. ತೆಗೆದು ನೋಡಿದರೆ, ಅಚ್ಚಾಗುವ ಮೊದಲೇ ಲೇಖನಗಳನ್ನು ಎಲ್ಲರಿಗೂ ತೆರೆದಿಡುವ ಆರ್ಕೈವ್ ಜಾಲತಾಣದಲ್ಲಿ ನಾನೇ ಹಾಕಿದ್ದ ನನ್ನದೇ ಪ್ರತಿಯ ವಾಕ್ಯಗಳು. ಅದನ್ನು ವಿವರಿಸಿ ಪತ್ರ ಕೊಟ್ಟೆ, ಸರಿಹೋಯಿತು. ಆ ಯಂತ್ರ ಮಾತು ಮಾತಿಗೆ ಹೋಲಿಸುತ್ತದೆ. ಕ್ರೇನ್ ಅವರ ಪ್ರಮೇಯ ಅದೇ ಅಧ್ಯಾಯದಲ್ಲಿ ನನ್ನ ಹೆಸರಲ್ಲಿ ಕೂತಿತ್ತು, ಅದರ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ. ಅದನ್ನು ಹಿಡಿದದ್ದು ಓದುವ ಮನುಷ್ಯರು.

ಲೇಖನ ಒಪ್ಪಿಗೆಯಾದ ಸುದ್ದಿ ಹೇಳಲು ಅಂಗಡಿಗೆ ಹೋದ ದಿನ ಯಜಮಾನ್ರು ಒಂದು ಹಳೆಯ ಮೃದಂಗ ಬಿಚ್ಚುತ್ತಿದ್ದರು. ಯಾರದೋ ಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಇದ್ದದ್ದು. ಬಾರು ಸಡಿಲಿಸಿ ಮುಚ್ಚಿಗೆಯನ್ನು ಮೇಲೆತ್ತಿದರು. ತಿರುಗಿಸಿ ಒಳಮೈ ನೋಡಿದವರು ಹಾಗೇ ಕೂತುಬಿಟ್ಟರು. ನನ್ನನ್ನು ಹತ್ತಿರ ಕರೆದರು. ಚರ್ಮದ ಒಳಭಾಗದಲ್ಲಿ, ಅಂಚಿನ ಹತ್ತಿರ, ಸುಟ್ಟ ಕಂದು ಬಣ್ಣದ ಮೂರು ಚುಕ್ಕಿ. ಕಾಯಿಸಿದ ಕಡ್ಡಿಯಿಂದ ಇಟ್ಟದ್ದು.

“ನಮ್ಮಪ್ಪಂದು” ಅಂದರು.

“ಎಲ್ಲದಕ್ಕೂ ಇಡ್ತಿದ್ರಾ?”

“ಚೆನ್ನಾಗಿ ಕೂಡಿದ್ದಕ್ಕೆ ಮಾತ್ರ. ನುಡ್ಸೋರಿಗೆ ಗೊತ್ತಿರ್ತಿರ್ಲಿಲ್ಲ. ಬಿಚ್ಚೋನಿಗೆ ಗೊತ್ತಾಗ್ಲಿ ಅಂತ.”

ನಮ್ಮ ವಚನಕಾರರಲ್ಲಿ ಹೆಚ್ಚಿನವರು ತಮ್ಮ ಹೆಸರಿನ ಜಾಗದಲ್ಲಿ ದೇವರ ಹೆಸರು ಇಟ್ಟರು. ಆದರೂ ಕೂಡಲಸಂಗಮದೇವ ಅಂದ ಕೂಡಲೇ ಬಸವಣ್ಣ ಅಂತ ನಮಗೆ ಗೊತ್ತಾಗುತ್ತದೆ. ಅದು ಹಾಡಿನ ಕೊನೆಗೆ ಎಲ್ಲರಿಗೂ ಕೇಳುವ ಅಂಕಿತ. ಇದು ಒಳಗೆ ಮುಚ್ಚಿಟ್ಟ ಅಂಕಿತ, ಇನ್ನೊಬ್ಬ ಕೆಲಸಗಾರನಿಗಾಗಿ. ನಾನು ಆ ಚುಕ್ಕಿಗಳ ಫೋಟೊ ತೆಗೆದುಕೊಳ್ಳಲಾ ಅಂತ ಕೇಳಿದೆ. ಬೇಡ ಅಂದರು. ಬೆರಳಲ್ಲಿ ಒಂದು ಸಲ ಸವರಿ, ಮುಚ್ಚಿಗೆಯನ್ನು ಪಕ್ಕಕ್ಕೆ ಎತ್ತಿಟ್ಟರು. ಹೊಸದನ್ನು ಕಟ್ಟಿದರು.

ಅಚ್ಚಾದ ಪ್ರತಿ ಬಂದಾಗ ಎರಡು ಪ್ರಿಂಟ್ ತೆಗೆಸಿ ಕೊಂಡೊಯ್ದೆ. ಎರಡನೆಯ ಪುಟದ ಆ ಸಾಲುಗಳನ್ನು ಕನ್ನಡದಲ್ಲಿ ಓದಿ ಹೇಳಿದೆ. ತಂದೆಯ ಹೆಸರು ಬಂದಾಗ “ಎಲ್ಲಿ?” ಅಂತ ಕೇಳಿ, ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಪುಟ ತಿರುವಿ ಕರಣೆಯ ದಪ್ಪ ತೋರಿಸುವ ಚಿತ್ರಕ್ಕೆ ಬಂದರು. ಅದನ್ನು ಮಾತ್ರ ಬಹಳ ಹೊತ್ತು ನೋಡಿದರು. ಕನ್ನಡಕ ಸರಿಮಾಡಿಕೊಂಡರು.

“ಮೇಷ್ಟ್ರಮ್ಮ, ಈ ಅಂಚಲ್ಲಿ ನೀವು ನೆಟ್ಟಗೆ ಇಳಿಸ್ಬಿಟ್ಟಿದ್ದೀರಿ. ಕೊನೇಲಿ ಇನ್ನೊಂಚೂರು ಬಾಗ್ಬೇಕು.”

ನಾವು ಅಳೆದದ್ದು ಕಿತ್ತುಹಾಕಿದ ಹಳೆಯ ಕರಣೆಯಿಂದ. ಕೀಳುವಾಗ ಅದರ ಅಂಚು ಉದುರಿದ್ದಿರಬೇಕು. ಮುಂದಿನ ಶನಿವಾರ ಮೈಕ್ರೊಮೀಟರ್ ತೆಗೆದುಕೊಂಡು ಹೋದೆ. ಅವರು ಹಿಂದಿನ ರಾತ್ರಿಯೇ ಒಂದು ಹೊಸ ಮುಚ್ಚಿಗೆ ಕಟ್ಟಿ, ಬಟ್ಟೆ ಹೊದಿಸಿ ಇಟ್ಟಿದ್ದರು.